ದುಡಿಮೆಯ ನಡುವಿನ ಬರವಣಿಗೆ

ಬೈಲಹೊಂಗಲದ ಅಡತಿ ಅಂಗಡಿಯಲ್ಲಿ ಹಗಲೆಲ್ಲ ಹತ್ತಿಯ ಲೆಕ್ಕ ಬರೆದ ಕೈ, ರಾತ್ರಿ ತನ್ನ ಮನದ ನಾಲ್ಕು ಮಾತು ಬರೆಯಲು ಕುಳಿತಾಗ ಒಂದು ಸಂಶಯ ಏಳುವದುಂಟು: ಲೆಕ್ಕ ಬರೆಯುವವನು ನಿಜವಾದ ಬರಹಗಾರನಾದಾನೇ? ಮಕ್ಕಳನ್ನು ಮಲಗಿಸಿ, ನಾಳಿನ ರೊಟ್ಟಿಯ ಹಿಟ್ಟನ್ನು ಸಾಣಿಸಿಟ್ಟು, ಹಳೆಯ ವಹಿಯ ಉಳಿದ ಹಾಳೆಯಲ್ಲಿ ಬರೆಯುವ ತಾಯಿಯನ್ನೂ ಇದೇ ಸಂಶಯವು ಕಾಡುವದು. ಬರವಣಿಗೆಯೊಂದೇ ಕೆಲಸವಾಗಿರುವವರು ಮಾತ್ರ ಸಾಹಿತಿಗಳು, ಉಳಿದವರದು ಬಿಡುವಿನ ಹವ್ಯಾಸವೆಂಬ ಭಾವನೆ ಜನರಲ್ಲಿ ಬೇರೂರಿದೆ. ಶರಣರ ಬಾಳಿನಲ್ಲಿ ಈ ಭಾವನೆಗೆ ಆಧಾರ ದೊರೆಯದು.

ವಚನಕಾರರಲ್ಲಿ ಬರೆದೇ ಹೊಟ್ಟೆ ಹೊರೆದವರಾರು? ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು, ಕದಿರ ರೆಮ್ಮವ್ವೆಯವರು ನೂಲು ತೆಗೆದರು. ಅಂಬಿಗರ ಚೌಡಯ್ಯನವರಂತೂ ಕಾಯಕವನ್ನೊಳಗೊಂಡ ತಮ್ಮ ಹೆಸರನ್ನೇ ಅಂಕಿತವಾಗಿರಿಸಿಕೊಂಡರು. ಕಾಯಕವು ಅವರ ನುಡಿಗೆ ಅಡ್ಡಿಯಾಗಿದ್ದರೆ ಅದನ್ನು ಅಂಕಿತದಲ್ಲಿ ಮೆರೆಸುತ್ತಿದ್ದರೇ?

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ಭಕ್ತರೆಲ್ಲ ಬಲ್ಲರು. ಪತಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದು ತಮ್ಮದಲ್ಲವೆಂದು ಮರಳಿಸಿ ಬರಲು ಹೇಳಿದರು. ದಿನದಿನವೂ ಅಕ್ಕಿ ಅಳೆದ ಕೈಗೆ ಮಾತ್ರ ಆ ಹೆಚ್ಚಳ ತಿಳಿಯುವದು. ಆಸೆಯನ್ನು ಕುರಿತು ಅವರಾಡಿದ ನುಡಿಗಿರುವ ಬಿರುಸು ಓದಿನಿಂದ ಬಂದುದಲ್ಲ, ಆ ಅಳತೆಯಿಂದ ಬಂದುದು.

ಆದರೆ ದುಡಿದವರೆಲ್ಲ ತಾನಾಗಿಯೇ ಬರೆಯುವರೆಂದು ತಿಳಿಯುವದು ಸಲ್ಲದು. ಬೈಲಹೊಂಗಲದಿಂದ ದೂರವಲ್ಲದ ಎಂ. ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಒಡಲಿನಲ್ಲಿ, ಗಂಗಾಂಬಿಕೆಯವರ ಐಕ್ಯಸ್ಥಳವಿದೆ. ಕಲ್ಯಾಣದ ಗಲಭೆಯ ತರುವಾಯ ಉಳವಿಯ ಕಡೆಗೆ ನಡೆದ ಶರಣರೊಡನೆ ಬಂದು ಅವರು ಇಲ್ಲಿಯೇ ಐಕ್ಯರಾದರೆಂದು ಈ ನಾಡಿನ ಸಂಪ್ರದಾಯ ಹೇಳುವದು. ಜಂಗಮರು ಹಗಲಿರುಳು ಬಂದು ಹೋಗುವ ಮಹಾಮನೆಯ ಗೃಹಿಣಿಯಾಗಿದ್ದ ಆ ತಾಯಿಯ ಹೆಸರಿನಲ್ಲಿ ಇಂದು ದೊರೆಯುವ ವಚನಗಳು ಬೆರಳೆಣಿಕೆಯಷ್ಟೇ. ಅವರು ಆಡಿದುದೇ ಅಷ್ಟೋ, ಬರೆದಿಡುವವರಿಲ್ಲದೆ ಕಳೆದುಹೋದುವೆಷ್ಟೋ! ವಚನಗಳ ಸಂಖ್ಯೆ ಕಡಿಮೆಯೆಂದು ಅವರನ್ನು ವಚನಕಾರ್ತಿಯರ ಸಾಲಿನಿಂದ ಯಾರೂ ಹೊರಗಿಟ್ಟಿಲ್ಲ. ಸಂಸಾರದ ನಡುವೆ ವರುಷಕ್ಕೆ ಎರಡು ಪುಟ ಬರೆದವರು ತಮ್ಮನ್ನು ತಾವೇಕೆ ಹೊರಗಿಟ್ಟುಕೊಳ್ಳಬೇಕು?

ಸಮೀಪದ ಕಾಲದ ನಿದರ್ಶನವೂ ಉಂಟು. ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. ಪಕ್ಷಗಾರರ ದಾವೆಗಳು, ಮನೆಯ ಸಂಸಾರ, 1910ರಲ್ಲಿ ವಿದ್ಯಾಸಂಸ್ಥೆಯ ಸ್ಥಾಪನೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, ಇವೆಲ್ಲವುಗಳ ನಡುವೆ ಮನೆಮನೆಯ ಜಗಲಿಯ ಮೇಲಿನ ತಾಡವೋಲೆಗಳನ್ನು ಕಲೆಹಾಕಿ ಓದಿ ಪ್ರತಿಮಾಡಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನವು ಈ ವಕೀಲರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಬಿಡುವು ದೊರೆತ ಮೇಲೆ ಬರೆಯುವೆನೆಂದು ಅವರು ಕಾದಿದ್ದರೆ, ಎಷ್ಟೋ ವಚನಗಳನ್ನು ಗೆದ್ದಲು ಮೊದಲು ಓದುತ್ತಿದ್ದಿತು.

ಇನ್ನು ಮನೆಯವರ ಪಾಲಿನ ಮಾತು. ಬರೆಯುವೆನೆಂದು ಹೊಲದ ಕಳೆಯನ್ನು, ಮಕ್ಕಳ ಶಾಲೆಯನ್ನು ಮರೆತವನು ಸಾಹಿತಿಯೆನಿಸಿಕೊಂಡರೂ ಶರಣರ ದಾರಿಯವನಲ್ಲ. ಗಂಡನು ಬರೆಯಲು ಕುಳಿತರೆ ಮನೆಯೆಲ್ಲ ಸದ್ದಡಗುವದು. ಹೆಂಡತಿಯು ಕುಳಿತರೆ ಮಾತ್ರ ನೀರು ಕಾಯಿಸುವವರಾರೆಂಬ ಪ್ರಶ್ನೆ ಏಳುವದು. ಇದು ಸಮತೆಯ ಮಾತಾಡುವ ಮನೆಗೆ ಭೂಷಣವಲ್ಲ. ಮಾರಯ್ಯ ಲಕ್ಕಮ್ಮನವರ ಮನೆಯಲ್ಲಿ ಕಾಯಕವೂ ಇಬ್ಬರದು, ನುಡಿಯೂ ಇಬ್ಬರದು. ಬಂದ ಜಂಗಮನಿಗೆ ಅನ್ನ ನೀಡುವದು ದಾಸೋಹವಾದರೆ, ಮನೆಯೊಳಗೆ ಬರೆಯುವ ಜೀವಕ್ಕೆ ದಿನಕ್ಕೆ ಒಂದು ತಾಸು ನೀಡುವದೂ ದಾಸೋಹವೇ. ಹಾಗೆ ಬರೆದುದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ, ಮಠದ ಶಿವಾನುಭವ ಗೋಷ್ಠಿಯಲ್ಲಿ ಓದಿ, ನಾಲ್ವರ ಪ್ರಶ್ನೆಗೆ ಒಡ್ಡಬೇಕು. ಅನುಭವ ಮಂಟಪದಲ್ಲಿ ನಡೆದುದೂ ಇದೇ: ಹಗ್ಗ ಹೊಸೆದು ಬಂದವರು ನುಡಿದರು, ಬಟ್ಟೆ ಒಗೆದು ಬಂದವರು ಪ್ರಶ್ನಿಸಿದರು, ಬೆಳಗಾದರೆ ಇಬ್ಬರೂ ತಮ್ಮ ತಮ್ಮ ಕಾಯಕಕ್ಕೆ ಹೊರಟರು.