ಇದ್ದದ್ದನ್ನು ಇದ್ದಂತೆ ಹೇಳುವ ರೋಗಿ


*ಇಂದಿನ ಧಮ್ಮ ಚಿಂತನೆ*



ಬರುವ ಸೋಮವಾರ ಶಕ್ತಿನಗರದಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ, ಮನೋವೈದ್ಯರ ಬಳಿ ಮೊದಲ ಸಲ ಹೋಗುತ್ತಿದ್ದೇನೆ. ನಾಲ್ಕು ತಿಂಗಳಿಂದ ರಾತ್ರಿ ಪಾಳಿ ಇಲ್ಲದ ದಿನವೂ ನಿದ್ದೆಯಿಲ್ಲ, ಮಕ್ಕಳ ಮಾತೂ ಬೇಡವೆನಿಸುತ್ತದೆ. ನಮ್ಮ ಬಳಗದ ತಮ್ಮನೊಬ್ಬ ಕೇಳಿದ: "ದಿನಾ ಆನಾಪಾನ ಮಾಡ್ತೀರಿ, ಹುಚ್ಚರ ಡಾಕ್ಟ್ರು ನಿಮಗ್ಯಾಕ್ರಿ ಅಣ್ಣಾ?"

ಕೇಳಬೇಕಾದ ಪ್ರಶ್ನೆಯೇ. ಅಂಗುತ್ತರ ನಿಕಾಯದ ರೋಗ ಸುತ್ತದಲ್ಲಿ ಭಗವಾನ್ ಬುದ್ಧರು ಕಾಯದ ರೋಗ, ಚಿತ್ತದ ರೋಗ ಎಂದು ಎರಡು ಹೇಳುತ್ತಾರೆ. ಚಿತ್ತದ ರೋಗ ಕ್ಷಣಕಾಲವೂ ಇಲ್ಲದವರು ಅರಹಂತರನ್ನು ಬಿಟ್ಟರೆ ಅಪರೂಪ. ಆದರೆ ಅಲ್ಲಿನ ಮಾತು ಲೋಭ, ದ್ವೇಷ, ಮೋಹಗಳದ್ದು. ಇಂದಿನ ವೈದ್ಯರು ಹೇಳುವ ಖಿನ್ನತೆಯೇ ಅದಲ್ಲ. ಆದ್ದರಿಂದ ಒಂದರ ಮದ್ದು ಇನ್ನೊಂದಕ್ಕೆ ಸಾಲಬೇಕೆಂದಿಲ್ಲ. ಚೀವರ, ಆಹಾರ, ವಸತಿಯ ಜೊತೆ ಔಷಧವನ್ನೂ ಭಿಕ್ಖುವಿನ ನಾಲ್ಕು ಅಗತ್ಯಗಳಲ್ಲಿ ಸೇರಿಸಿದವರು ಬುದ್ಧರೇ. ಸ್ವತಃ ಅವರಿಗೆ ಚಿಕಿತ್ಸೆ ನೀಡಿದವನು ಜೀವಕ.

ವಿನಯ ಪಿಟಕದ ಮಹಾವಗ್ಗದಲ್ಲಿ ಆರೈಕೆಗೆ ಸುಲಭನಾದ ರೋಗಿಯ ಐದು ಗುಣಗಳಿವೆ: ಹಿತವಾದದ್ದನ್ನು ಮಾಡುತ್ತಾನೆ, ಮಿತಿ ಬಲ್ಲ, ಔಷಧ ಸೇವಿಸುತ್ತಾನೆ, ನೋವು ಸಹಿಸುತ್ತಾನೆ, ಆರೈಕೆ ಮಾಡುವವರಿಗೆ ರೋಗವನ್ನು ಇದ್ದಂತೆ ಹೇಳುತ್ತಾನೆ. ಹೆಚ್ಚಿದರೆ ಹೆಚ್ಚಿದೆ, ಕಡಿಮೆಯಾದರೆ ಕಡಿಮೆಯಾಗಿದೆ.

ನನಗೆ ಕಷ್ಟವಾದದ್ದು ಈ ಕೊನೆಯದೇ. ಒಂದು ಹಾಳೆಯಲ್ಲಿ ಬರೆಯುತ್ತಿದ್ದೇನೆ: ಯಾವಾಗ ಶುರುವಾಯಿತು, ನಿದ್ದೆ ಎಷ್ಟು, ಊಟ ಎಷ್ಟು, ನುಂಗುವ ಮಾತ್ರೆಗಳು ಯಾವುವು, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ. ಇವು ಸಲೀಸು. "ಕುಡಿತ ಇದೆಯೇ? ಸಾಯಬೇಕು ಅನಿಸಿದೆಯೇ?" ಇಲ್ಲಿ ಪೆನ್ನು ನಿಲ್ಲುತ್ತದೆ. ಬಿಟ್ಟುಬಿಟ್ಟರೆ ಸುಳ್ಳಾಗುತ್ತದೆಯೇ? ಎಲ್ಲ ಮೌನವೂ ಮುಸಾವಾದವಲ್ಲ. ಆದರೆ ಅರ್ಧ ಕೇಳಿದ ವೈದ್ಯರು ಅರ್ಧ ರೋಗಕ್ಕೇ ಮದ್ದು ಬರೆಯಬೇಕಾಗುತ್ತದೆ. ಗೊತ್ತಿದ್ದೂ ಆ ಭ್ರಮೆ ಉಳಿಸುವ ಮೌನ ಸುಳ್ಳಿನ ಕೆಲಸವನ್ನೇ ಮಾಡುತ್ತದೆ. ಎರಡಕ್ಕೂ ಉತ್ತರ ಬರೆದಿದ್ದೇನೆ.

ಹಾಗೆಂದು ಊರಿಗೆಲ್ಲ ಒಪ್ಪಿಸಬೇಕಾದ ಸತ್ಯವಲ್ಲ ಅದು. ಯಾರಿಗೆ ಹೇಳಿದರೆ ದುಃಖ ಕಡಿಮೆಯಾಗುವುದೋ ಅವರಿಗೆ ಹೇಳುವುದು ಸಮ್ಮಾ ವಾಚಾ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ರೋಗಿಯ ಗೋಪ್ಯತೆಯನ್ನು ಹಕ್ಕಾಗಿಸಿದೆ. ಆಸ್ಪತ್ರೆಗೆ ಹೋಗುವ ಸಂಗತಿಯನ್ನು ಇಲ್ಲಿ ಬರೆದೆ, ಯಾಕೆಂದರೆ ಇದನ್ನು ಓದುವ ಯಾರೋ ಒಬ್ಬರು ಹಿಂಜರಿಯುತ್ತಿರಬಹುದು. ಹಾಳೆಯಲ್ಲಿರುವ ಉತ್ತರ ವೈದ್ಯರಿಗೆ ಮಾತ್ರ.

ಸತಿಪಟ್ಠಾನ ನಮಗೆ ಕಲಿಸಿದ್ದೇನು? ದ್ವೇಷವಿರುವ ಚಿತ್ತವನ್ನು ದ್ವೇಷವಿರುವ ಚಿತ್ತವೆಂದೇ ಅರಿಯುವುದು. ಈ ಹಾಳೆಯೂ ಅದೇ ಅಭ್ಯಾಸ. ತಮ್ಮಾ, ಧ್ಯಾನ ಬಿಟ್ಟು ಡಾಕ್ಟರ ಹತ್ತಿರ ಹೋಗುತ್ತಿಲ್ಲ. ಧ್ಯಾನ ತೋರಿಸಿದ್ದನ್ನು ಅವರಿಗೆ ಹೇಳಲು ಹೋಗುತ್ತಿದ್ದೇನೆ.

ಯಾರಿಗಾದರೂ ತಡೆಯಲಾಗದಷ್ಟು ಭಾರವೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

*ಭವತು ಸಬ್ಬ ಮಂಗಲಂ* 🪷