ಹೊಸ ಮಂಡಿ, ಹಳೇ ಬೆಟ್ಟ

ನಮ್ಮ ಕೂಟದಲ್ಲಿ ಮಂಡಿ ಬದಲಾಯಿಸಿಕೊಂಡವರದೇ ಒಂದು ಉಪಕೂಟ ಕಟ್ಟಬಹುದು. ಯುಗಾದಿ ಊಟಕ್ಕೆ ನೆಲದ ಪಂಕ್ತಿ ಖಾಲಿ, ಕುರ್ಚಿಗಳಿಗೆ ನೂಕುನುಗ್ಗಲು. ಆದರೂ ನಮ್ಮಲ್ಲಿ ಕೆಲವರಿಗೆ ಹಳೆಯ ಹುಚ್ಚು ಬಿಟ್ಟಿಲ್ಲ: ಡೇರೆ, ಹಾಸಿಗೆ, ಒಲೆ, ಅವಲಕ್ಕಿ ಎಲ್ಲವನ್ನೂ ಬೆನ್ನಿಗೇರಿಸಿ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಹತ್ತುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆಯನ್ನೇ ಹೊತ್ತು ಹೊರಟವರ ವಿಷಯ ಅವರು ಹೇಳಲಿಲ್ಲ.

ಶಸ್ತ್ರಚಿಕಿತ್ಸೆಯಾದ ಮೇಲೆ ಮತ್ತೆ ಬೆಟ್ಟ ಹತ್ತಬಹುದೇ ಎಂದರೆ ಡಾಕ್ಟರು ಉತ್ತರ ಕೊಡುತ್ತಾರೆ. ಹತ್ತುವುದು ಸರಿಯೇ ಎಂದರೆ ಉತ್ತರ ನಾವೇ ಹುಡುಕಬೇಕು.

ಮಂಡಿಯ ಲೆಕ್ಕ ಸರಳ. ಲೋಹದ ಎರಡು ತುಂಡು, ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆ. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ಣ ಬದಲಾಯಿಸಿದ ಮಂಡಿಗಳಲ್ಲಿ ಸುಮಾರು 82 ಶೇಕಡಾ 25 ವರ್ಷ ಬಾಳುತ್ತವೆ. ಒಳಗೇ ಅಳತೆಯ ಯಂತ್ರ ಇಟ್ಟ ಮಂಡಿಗಳು ಹೇಳಿದ್ದು ಇನ್ನೊಂದು: ಸಮನೆಲದಲ್ಲಿ ನಡೆದರೆ ದೇಹತೂಕದ ಎರಡೂವರೆ ಪಟ್ಟು ಭಾರ, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟು. ಬೆನ್ನಿನ ಹತ್ತು ಕಿಲೋ ಇಳಿಜಾರಿನಲ್ಲಿ ಮಂಡಿಗೆ ಹೆಚ್ಚುಕಡಿಮೆ ಮೂವತ್ತೈದು. ಡೇರೆಯೊಳಗೆ ಮಂಡಿಯೂರಿ ನುಗ್ಗುವ ಕಷ್ಟವಂತೂ ಅನುಭವಿಸಿದವರಿಗೇ ಗೊತ್ತು.

"ಮೊಮ್ಮಕ್ಕಳ ಜೊತೆ ಪಾರ್ಕಿಗೆ ಹೋಗಿ, ಸಾಲದೇ?" ಎನ್ನುತ್ತಾರೆ ಮಕ್ಕಳು. ಪ್ರೀತಿಯ ಮಾತೇ. ಆದರೆ ನೋವು ಹೋಗಲಿ ಎಂದು ಇಷ್ಟು ಕಷ್ಟಪಟ್ಟು ಹಾಕಿಸಿಕೊಂಡ ಮಂಡಿಯನ್ನು ಮದುವೆಯ ರೇಷ್ಮೆ ಸೀರೆಯಂತೆ ಬೀರುವಿನಲ್ಲಿ ಇಡಲು ನಮಗೆ ಮನಸ್ಸಿಲ್ಲ. ಸವೆದರೆ ನಮ್ಮದೇ ಸವೆಯುತ್ತದೆ, ಬೇರೆಯವರಿಗೇನು?

ಬೇರೆಯವರಿಗೂ ಇದೆ ಎಂದು ತೋರಿಸಿದ್ದು ನಮ್ಮ ನೆರೆಯಲ್ಲೇ ನಡೆದ ಒಂದು ಮೊಕದ್ದಮೆ. 2012ರಲ್ಲಿ ಮಿಷಿಗನ್‌ನ ಒಬ್ಬರು ಫ್ರಾಂಕೋನಿಯಾ ಏಣಿಗೆ ಒಂಟಿಯಾಗಿ ಹೋದರು. ಅವರದು ಕೃತಕ ಸೊಂಟದ ಕೀಲು, ಹಿಂದೆ ಹಲವು ಸಲ ಜಾರಿದ್ದು. ಗಾಳಿಮಳೆಯ ನಡುವೆ ಬಂಡೆಯೊಂದನ್ನು ಏರಲು ಹೋಗಿ ಅದು ಮತ್ತೆ ಜಾರಿತು. ರಕ್ಷಣಾ ತಂಡ ಹೋಗಿ ಅವರನ್ನು ಕೆಳಗಿಳಿಸಿತು. ರಾಜ್ಯ ಒಂಬತ್ತು ಸಾವಿರ ಡಾಲರಿಗೂ ಮೇಲಿನ ಬಿಲ್ ಕಳಿಸಿತು. ಅಲ್ಲಿನ ಕಾನೂನಿನಂತೆ ಅಜಾಗರೂಕತೆಯಿಂದ ಸಿಕ್ಕಿಕೊಂಡವರು ಖರ್ಚು ಕೊಡಬೇಕು. 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ನಮ್ಮ ಮನಸ್ಸು ಆ ಮನುಷ್ಯನ ಕಡೆಗೇ ವಾಲುತ್ತದೆ. ಹೋಗಬೇಕೆಂಬ ತುಡಿತ ನಮಗೆ ಹೊಸದಲ್ಲ. ಆದರೂ ತೀರ್ಪು ಸರಿ ಎಂದೇ ನಮ್ಮ ಅಭಿಪ್ರಾಯ. ಕಡಿದಾದ ದಾರಿಯಲ್ಲಿ ಒಬ್ಬರನ್ನು ಸ್ಟ್ರೆಚರಿನಲ್ಲಿ ಇಳಿಸಲು ಸರದಿಯ ಮೇಲೆ ಎಷ್ಟೋ ಜನ ಹೆಗಲು ಕೊಡಬೇಕು. ಅವರಲ್ಲಿ ಅನೇಕರು ಸಂಬಳವಿಲ್ಲದ ಸ್ವಯಂಸೇವಕರು. ಅವರಿಗೂ ಮಂಡಿಗಳಿವೆ! ಕೃತಕ ಕೀಲು ಇರುವುದು ತಪ್ಪಲ್ಲ. ಅದು ಜಾರುತ್ತದೆಂದು ತಿಳಿದೂ ಜಾರುವುದಿಲ್ಲವೆಂಬಂತೆ ಒಬ್ಬರೇ ಹೋಗುವುದು ಬೇರೆಯವರ ಹೆಗಲನ್ನು ಕೇಳದೆ ಸಾಲ ತಂದಂತೆ. 2015ರಲ್ಲೇ ಆ ರಾಜ್ಯ ತಂದ ಹೈಕ್ ಸೇಫ್ ಕಾರ್ಡಿಗೆ 25 ಡಾಲರು. ಕೊಂಡವರು ಅಜಾಗರೂಕತೆಯ ಖರ್ಚಿನಿಂದ ಪಾರು, ದುಡುಕಿನದ್ದರಿಂದಲ್ಲ. ರಕ್ಷಣೆಗೆಂದು ಕೊಡುವ ದುಡ್ಡು ಎಂದು ಅದನ್ನು ಕೊಳ್ಳೋಣ. ಹುಂಬತನದ ಪರವಾನಗಿ ಎಂದಲ್ಲ.

ಇದಕ್ಕಿಂತ ಕಷ್ಟವಾದದ್ದು ನಮ್ಮ ಜಂಬ. ತನ್ನ ಹೊರೆ ತಾನೇ ಹೊರಬೇಕು ಎಂಬುದು ಈ ಹವ್ಯಾಸದ ಧರ್ಮವೇ ಆಗಿಬಿಟ್ಟಿದೆ. ಡೇರೆಯನ್ನು ಜೊತೆಗಿರುವ ಹುಡುಗನಿಗೆ ಕೊಡಿ ಎಂದರೆ ಮುಖ ಸಣ್ಣದಾಗುತ್ತದೆ. "ಹಾಗಾದರೆ ಅದು ಬ್ಯಾಕ್‌ಪ್ಯಾಕಿಂಗ್ ಹೇಗಾಯ್ತು ಸ್ವಾಮಿ?" ಎಂದು ನಮ್ಮವರೊಬ್ಬರು ಕೇಳಿದರು. ಮಂಡಿಯೊಳಗೆ ಬೇರೆ ಯಾರೋ ಎರಕಹೊಯ್ದ ಲೋಹ, ಬೇರೆ ಯಾರೋ ಹಾಕಿದ ಹೊಲಿಗೆ. ತಮ್ಮದೇ ಕಾಲ ಮೇಲೆ ನಿಂತೆವೆಂದು ಹೇಳಲು ನಾವು ಉಳಿದಿದ್ದೇವೆಯೇ? ಹುಡುಗ ಡೇರೆ ಹೊರಲಿ. ಅವನಿಗೆ ರಾತ್ರಿ ಬಿಸಿಬಿಸಿ ಉಪ್ಪಿಟ್ಟು ಮಾಡಿಕೊಡುವ ಕೈ ನಮ್ಮದಾಗಲಿ.

ಮೊದಲ ಸಲಕ್ಕೆ ನಾವು ಆರಿಸಿಕೊಂಡಿರುವುದು ಫ್ರಾಂಕೋನಿಯಾ ಕಣಿವೆಯ ಲೋನ್ಸಮ್ ಲೇಕ್. ಸುಮಾರು ಸಾವಿರ ಅಡಿ ಏರಿಕೆ, ದಡದಲ್ಲಿ ಮಲಗಲು ಗುಡಿಸಲು, ಡೇರೆಯ ಜಗಳವೇ ಇಲ್ಲ. ಎರಡು ಊರುಗೋಲು ಕಡ್ಡಾಯ. ಮಳೆ ಬಂದರೆ ಹೊರಡುವುದಿಲ್ಲ. ಆ ಮೊಕದ್ದಮೆಯ ಫ್ರಾಂಕೋನಿಯಾ ಏಣು ಕೆರೆಯ ದಡದಿಂದ ಎದುರಿಗೇ ಕಾಣುತ್ತದೆ.