ಹಂಡೆ ಹೋಗಿ ಗೀಸರ್ ಬಂತು

ಅಜ್ಜಿಮನೆಯ ಬಚ್ಚಲಲ್ಲಿ ತಾಮ್ರದ ಹಂಡೆಯನ್ನು ಒಲೆಗೆ ಹೂತಿದ್ದರು. ನೀರು ಕಾಯಬೇಕಾದರೆ ಒಬ್ಬರು ಬಾವಿಯಿಂದ ಸೇದಬೇಕು, ಇನ್ನೊಬ್ಬರು ಸೋಗೆ, ಗರಟ, ಅಡಿಕೆ ಸಿಪ್ಪೆ ತಂದು ಒಟ್ಟಬೇಕು. ಯಾವುದು ಭರ್ರನೆ ಹತ್ತುತ್ತದೆ, ಯಾವುದು ಕೆಂಡವಾಗಿ ನಿಲ್ಲುತ್ತದೆ ಎಂಬುದು ಮಕ್ಕಳಿಗೂ ಗೊತ್ತಿತ್ತು. ಬೂದಿ ಪಾತ್ರೆ ತಿಕ್ಕಲಿಕ್ಕೆ, ಮಿಕ್ಕಿದ್ದು ತೆಂಗಿನ ಬುಡಕ್ಕೆ. ದೀಪಾವಳಿಗೆ ನೀರು ತುಂಬುವ ದಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತುತ್ತಿದ್ದರು. ಈಗಿನ ಗೀಸರಿಗೆ ಆಯುಧಪೂಜೆಯ ದಿನ ಒಂದು ಕುಂಕುಮದ ಬೊಟ್ಟು ಸಿಕ್ಕರೆ ಅದರ ಪುಣ್ಯ.

ಹಂಡೆಗೂ ಗೀಸರಿಗೂ ಇರುವ ಈ ಅಂತರವನ್ನು ತತ್ತ್ವಶಾಸ್ತ್ರದ ಪ್ರಶ್ನೆಯಾಗಿ ಎತ್ತಿಕೊಂಡವರು ಆಲ್ಬರ್ಟ್ ಬೋರ್ಗ್‌ಮನ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಮೊಂಟಾನಾದಲ್ಲಿ ಪಾಠ ಹೇಳಿದವರು. 1984ರ ತಮ್ಮ ಪುಸ್ತಕದಲ್ಲಿ ಅವರು ಕೊಟ್ಟ ಉದಾಹರಣೆ ಚಳಿನಾಡಿನ ಮನೆಯ ಕಟ್ಟಿಗೆ ಒಲೆ. ಅಪ್ಪ ಸೌದೆ ಕಡಿಯುತ್ತಾನೆ, ಅಮ್ಮ ಬೆಂಕಿ ಹೊತ್ತಿಸುತ್ತಾಳೆ, ಮಕ್ಕಳು ಸೌದೆ ತುಂಬುತ್ತಾರೆ. ಹೀಗೆ ಮನೆಯನ್ನೇ ಸುತ್ತ ಕೂಡಿಸಿಕೊಳ್ಳುವಂಥದ್ದು 'ವಸ್ತು'. ಲ್ಯಾಟಿನ್ನಿನಲ್ಲಿ 'ಫೋಕಸ್' ಎಂದರೆ ಒಲೆ ಎಂದೇ ಅರ್ಥ! ಮನೆಗೆಲ್ಲ ಶಾಖ ಹಂಚುವ ಆಧುನಿಕ ವ್ಯವಸ್ಥೆಯಾದರೋ 'ಸಾಧನ'. ಅದರಲ್ಲಿ ಬೇಕಾದ ಸರಕು, ಅಂದರೆ ಶಾಖ, ತಟ್ಟನೆ ಕೈಗೆ ಸಿಗುತ್ತದೆ; ಅದನ್ನು ಹುಟ್ಟಿಸುವ ಯಂತ್ರ ಗೋಡೆಯ ಹಿಂದೆ ಮರೆಯಾಗುತ್ತದೆ. ಸಾಧನ ಉತ್ತಮವಾದಷ್ಟೂ ಈ ಮರೆ ದಪ್ಪ.

ಒಂದು ಮಾತು ಹೇಳಿಬಿಡಬೇಕು. ಒಲೆಯನ್ನು ಹೊಗಳುವವರು ಸಾಮಾನ್ಯವಾಗಿ ಅದನ್ನು ಊದಿದವರಲ್ಲ. ಅಜ್ಜಿಯ ಕಣ್ಣಿಗೆ ಹೊಗೆ ಏನು ಮಾಡಿತ್ತೆಂದು ನಾನು ಬಲ್ಲೆ; ಹಂಡೆ ವಾಪಸ್ ಬರಲಿ ಎನ್ನಲಾರೆ.

ಆದರೆ ಮರೆಯನ್ನು ಸ್ವಲ್ಪ ಸರಿಸಬಹುದಲ್ಲ? ನಮ್ಮ ಮನೆಯ ಗೀಸರ್ ನಾಲ್ಕೇ ವರ್ಷಕ್ಕೆ ಸೋರತೊಡಗಿತು. ರಿಪೇರಿಯವನು ಒಳಗಿಂದ ಒಂದು ಸಣಕಲು ತಂತಿ ಎಳೆದು ತೋರಿಸಿದ. ಅದರ ಮೈಮೇಲೆ ಒಂದು ಕಾಲದಲ್ಲಿ ಬೆರಳು ಗಾತ್ರದ ಮೆಗ್ನೀಸಿಯಂ ಇತ್ತಂತೆ. ಉಕ್ಕಿನ ಟ್ಯಾಂಕಿನ ಒಳಲೇಪ ಎಲ್ಲಿ ಬಿರುಕುಬಿಟ್ಟರೂ ನೀರು ಕಬ್ಬಿಣವನ್ನು ತಿನ್ನುತ್ತದೆ. ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಮೆಗ್ನೀಸಿಯಂ ಜೊತೆಗಿದ್ದರೆ ಮೊದಲು ಸವೆಯುವುದು ಅದೇ, ಟ್ಯಾಂಕ್ ಉಳಿಯುತ್ತದೆ. ಇದೇ ಆನೋಡ್ ಕಡ್ಡಿ. ಲವಣ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಇನ್ನೂ ಬೇಗ ಕರಗುತ್ತದೆ. ಕರಗಿ ಮುಗಿದ ಮೇಲೆ ಸರದಿ ಟ್ಯಾಂಕಿನದು. ಇಷ್ಟು ದಿನ ನನ್ನ ಸ್ನಾನಕ್ಕಾಗಿ ಗೋಡೆಯ ಮೇಲೆ ಒಂದು ಲೋಹ ತನ್ನನ್ನೇ ತೇಯ್ದುಕೊಳ್ಳುತ್ತಿತ್ತು. ನನಗೆ ಕಾಣುತ್ತಿದ್ದದ್ದು ಕೆಂಪು ದೀಪ ಮಾತ್ರ.

ಅಂದಿನಿಂದ ಲೆಕ್ಕವೂ ತಲೆಗೆ ಹತ್ತಿತು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 2 ಕಿಲೋವ್ಯಾಟಿನ ಗೀಸರಿಗೆ ಸುಮಾರು 18 ನಿಮಿಷ ಬೇಕು, 0.6 ಯೂನಿಟ್ ಕರೆಂಟು. ಅಜ್ಜಿಗೆ ಇಂಥ ಲೆಕ್ಕ ಸೌದೆಯಲ್ಲಿ ಬರುತ್ತಿತ್ತು.

ಇಷ್ಟಕ್ಕೇ ಗೀಸರ್ 'ವಸ್ತು'ವಾಗಿಬಿಡುತ್ತದೆಯೇ? ಬೋರ್ಗ್‌ಮನ್ ಒಪ್ಪಲಾರರು: ಯಂತ್ರದ ಒಳಗು ತಿಳಿದ ಮಾತ್ರಕ್ಕೆ ಮನೆಮಂದಿ ಅದರ ಸುತ್ತ ಕೂಡುವುದಿಲ್ಲ. ಸರಿಯೇ. ಆದರೂ ಏನೂ ತಿಳಿಯದವನು ಸಾಧನದ ಮುಂದೆ ಬರೀ ಗಿರಾಕಿ; ಕೆಟ್ಟಾಗ ದುಡ್ಡು ಕೊಡುವುದಷ್ಟೇ ಅವನ ಪಾಲು. ತಿಳಿದವನು ಕೆಡುವ ಮುಂಚೆ ಒಂದು ಪ್ರಶ್ನೆಯನ್ನಾದರೂ ಕೇಳಬಲ್ಲ.

ಮುಂದಿನ ಸಲ ರಿಪೇರಿಯವನು ಬಂದಾಗ ಟೀವಿ ಮುಂದೆ ಕೂರಬೇಡಿ. ಪಕ್ಕದಲ್ಲಿ ನಿಂತು, ಆ ಕಡ್ಡಿಯನ್ನು ಬಿಚ್ಚಿ ತೋರಿಸಲು ಹೇಳಿ. ಮಕ್ಕಳನ್ನೂ ಕರೆಯಿರಿ.